ಮೊದಲು ಆ ನೋಟ್‌ಬುಕ್ ಈಸಿಕೊಂಡು ಬನ್ನಿ

ಈ ವಾರದ ಪತ್ರಗಳಲ್ಲಿ ಮೂರು ಅತ್ತೆ-ಸೊಸೆಯವು, ಒಂದು ಸೈಟಿನ ತಕರಾರು. ಅವರೆಲ್ಲ ಕ್ಷಮಿಸಬೇಕು. ಸಾಗರದ ಕಡೆಯ ಓದುಗರೊಬ್ಬರ ಪತ್ರಕ್ಕೇ ಇಡೀ ಅಂಕಣ ಹೋಗುತ್ತಿದೆ. ಅದನ್ನು ಓದಿದಾಗಿನಿಂದ ನನಗೆ ಮೈಯೆಲ್ಲ ಉರಿ. ಅವರ ಮೇಲಲ್ಲ, ಯಾರ ಮೇಲೆ ಎಂದು ಮುಂದೆ ಹೇಳುತ್ತೇನೆ.

ಪತ್ರದ ಸಾರ ಇಷ್ಟು. ವಯಸ್ಸು ಐವತ್ತೊಂದು. ಅಡಿಕೆ ತೋಟದ ಮನೆ, ಮಗ ಬೆಂಗಳೂರಿನಲ್ಲಿ. ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಾರೆ, ವಾರಪತ್ರಿಕೆಗಳಲ್ಲಿ, ವಿಶೇಷಾಂಕಗಳಲ್ಲಿ ಕೆಲವು ಬಂದಿವೆ. ಹಿಂದೆ ಯಾವುದೋ ಕಥಾಕಮ್ಮಟದಲ್ಲಿ ಪರಿಚಯವಾದ ಏಳೆಂಟು ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಬರೆದದ್ದನ್ನು ಓದುತ್ತಾರೆ, ಅದಕ್ಕಿಂತ ಹೆಚ್ಚು ಹೊತ್ತು ಬರೆಯಲಾಗದ್ದನ್ನು ಹೇಳಿಕೊಳ್ಳುತ್ತಾರೆ. ಕಥೆ ಕಳಿಸಿ ಆರು ತಿಂಗಳಾದರೂ ಸಂಪಾದಕರಿಂದ ಹೂಂ ಇಲ್ಲ, ಉಹೂಂ ಇಲ್ಲ. ಪೆನ್ನು ಹಿಡಿದು ಕೂತರೆ ಅಷ್ಟು ಹೊತ್ತಿಗೇ ಮನೆಗೆ ನೆಂಟರು. ‘ಇದರಲ್ಲಿ ಬರುವ ಗಂಡ ನಾನೇನಾ?’ ಎಂದು ವಿಚಾರಣೆ ಮಾಡುವ ಯಜಮಾನರು. ಈ ಬಳಗದಲ್ಲಿ ಪತ್ರ ಬರೆದವರಿಗೊಬ್ಬರು ಜೀವದ ಗೆಳತಿ, ಬ್ಯಾಂಕಿನಲ್ಲಿ ಕೆಲಸ. ಇಬ್ಬರೂ ಒಟ್ಟಿಗೇ ಬರೆಯಲು ಶುರುಮಾಡಿದವರು. ಈಗ ಗೆಳತಿಯ ಎರಡನೆಯ ಸಂಕಲನಕ್ಕೆ ದತ್ತಿ ಬಹುಮಾನ ಬಂದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಪೇಪರಿನಲ್ಲಿ ಫೋಟೊ. ಇವರು ವಾಟ್ಸ್ಯಾಪ್‌ನಲ್ಲಿ ಹೂಗುಚ್ಛದ ಚಿತ್ರ ಕಳಿಸಿ, ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರಂತೆ. ‘ಇಷ್ಟು ಸಣ್ಣ ಮನಸ್ಸಿನವಳು ಆ ಬಳಗದಲ್ಲಿ ಇರಬಹುದೇ? ಬಿಟ್ಟುಬಿಡಲೇ?’ ಎಂದು ಕೇಳಿದ್ದಾರೆ.

ನಾಲ್ಕು ಪುಟದ ಪತ್ರದ ತುಂಬ ಈ ಅಸೂಯೆಯದೇ ಪುರಾಣ. ಮೂರನೆಯ ಪುಟದ ಬುಡದಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಏರಿಸಿ ಬರೆದ ಎರಡು ಸಾಲಿದೆ: ‘ನನ್ನ ಕಥೆಗಳ ಎರಡು ನೋಟ್‌ಬುಕ್ ಮುನ್ನುಡಿಗೆಂದು ಶಿವಮೊಗ್ಗದ ಸರ್ ಹತ್ತಿರ ಇವೆ. ಕೊಟ್ಟು ಮೊನ್ನೆ ದಸರೆಗೆ ಎರಡು ವರ್ಷವಾಯಿತು. ಹೊಸ ಕಥೆಗಳೆಲ್ಲ ಅದರಲ್ಲೇ ಇರುವುದು. ಅವರಿಗೂ ಬಿಡುವಿಲ್ಲ, ಪಾಪ.’

ಇದನ್ನು ಬರೆದು, ಮುಂದಿನ ಪುಟದಲ್ಲಿ ಮತ್ತೆ ಗೆಳತಿಯ ಶಾಲಿನ ಬಣ್ಣಕ್ಕೆ ಹೋಗಿದ್ದೀರಿ.

ಅಲ್ಲ ಮಾರಾಯ್ತಿ, ಕೈಬರಹದ ಒಂದೇ ಪ್ರತಿ! ಅದನ್ನು ಇನ್ನೊಬ್ಬರ ಮನೆಯಲ್ಲಿ ಎರಡು ವರ್ಷ ಬಿಟ್ಟು, ‘ನನಗೇಕೆ ಅಳು ಬರುತ್ತಿದೆ’ ಎಂದು ನನ್ನನ್ನು ಕೇಳುತ್ತೀರಾ? ನಿಮ್ಮ ಮನೆಯವರು ಅಡಿಕೆ ಮೂಟೆ ಮಂಡಿಗೆ ಹಾಕಿ, ಚೀಟಿ ಇಲ್ಲದೆ, ರೇಟೂ ಕೇಳದೆ, ‘ಪಾಪ, ಮಂಡಿಯವರಿಗೆ ಬಿಡುವಿಲ್ಲ’ ಎಂದು ಎರಡು ವರ್ಷ ಸುಮ್ಮನಿರುತ್ತಾರೆಯೇ?

ಅಸೂಯೆಯ ವಿಷಯ ಬೇಗ ಮುಗಿಸೋಣ, ಅದು ಅಷ್ಟೇನೂ ದೊಡ್ಡದಲ್ಲ. ಬರೆಯುವವರಿಗೆ ಇನ್ನೊಬ್ಬರು ಬರೆದದ್ದು ಕಂಡರೆ ಹೊಟ್ಟೆಯಲ್ಲಿ ಸ್ವಲ್ಪ ಕಿವುಚುತ್ತದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ರಾತ್ರಿ ಕನ್ನಡದ ಲೇಖಕಿಯರೆಲ್ಲ ಕುಣಿದಾಡಿದ್ದು ನಿಜ. ಮರುದಿನ ನನಗೆ ಫೋನು ಮಾಡಿದವರಲ್ಲಿ ಅರ್ಧ ಜನ ಸಂಭ್ರಮವೆಲ್ಲ ಮುಗಿಸಿ, ಕೊನೆಗೆ ದನಿ ತಗ್ಗಿಸಿ, ‘ನಮ್ಮದನ್ನೂ ಯಾರಾದರೂ ಇಂಗ್ಲಿಷಿಗೆ ಮಾಡ್ತಾರೇನೇ?’ ಎಂದು ಕೇಳಿದ್ದೂ ನಿಜ. ಅವರೇನು ಕೆಟ್ಟವರೇ? ಆದರೆ ಆ ಸುದ್ದಿಯಲ್ಲಿ ನೀವು ಗಮನಿಸಬೇಕಾದದ್ದು ಬೇರೆ ಇದೆ. ದೀಪಾ ಭಾಸ್ತಿ ಅವರು ಅನುವಾದಕ್ಕೆ ಆರಿಸಿಕೊಂಡದ್ದು 1990ರಿಂದ 2023ರವರೆಗಿನ ಕಥೆಗಳನ್ನು. ಮೂವತ್ತು ವರ್ಷದ ಹಿಂದಿನ ಕಥೆಯೂ ಕೈಗೆ ಸಿಗುವಂತಿತ್ತು, ಆದ್ದರಿಂದ ಆರಿಸಲು ಆಯಿತು. ನಿಮ್ಮ ಕಥೆಯನ್ನು ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ಏನು ಹೇಳುತ್ತೀರಿ? ಶಿವಮೊಗ್ಗದ ಸರ್ ಮನೆಯ ಅಟ್ಟ ಹತ್ತಿ ಎನ್ನುತ್ತೀರಾ?

ಇನ್ನು ಆ ಗೆಳತಿ. ನೀವು ಪತ್ರದಲ್ಲಿ ಅವರ ಮೇಲೆ ಒಂದೂ ದೂರು ಹೇಳಿಲ್ಲ, ಆದರೂ ಓದಿದವರಿಗೆ ಅವರೇ ಅಪರಾಧಿ ಅನ್ನಿಸಬೇಕು, ಹಾಗೆ ಬರೆದಿದ್ದೀರಿ. ‘ಅವಳಿಗೆ ಸಂಬಳವಿದೆ’ ಎಂದು ಎರಡು ಸಲ ಬಂದಿದೆ. ಸಂಬಳ ಕಥೆ ಬರೆಯುವುದಿಲ್ಲ. ಕೌಂಟರಿನಲ್ಲಿ ಇಡೀ ದಿನ ಪಾಸ್‌ಬುಕ್ ನೋಡಿ ಮನೆಗೆ ಬಂದು ಕೂತು ಬರೆದ ಹೆಂಗಸು ಅವರು. ಹೋದ ವರ್ಷ ಅವರೇ ‘ನನ್ನ ಪ್ರಕಾಶಕರಿಗೆ ನಿನ್ನ ಕಥೆ ಕಳಿಸಲೇ?’ ಎಂದು ಕೇಳಿದ್ದರಂತೆ, ನೀವು ‘ಮುನ್ನುಡಿ ಬರಲಿ, ಆಮೇಲೆ ನೋಡೋಣ’ ಅಂದಿರಂತೆ. ಬಳಗದ ಅಷ್ಟೂ ಜನರಲ್ಲಿ ನಿಮ್ಮ ನೋಟ್‌ಬುಕ್ ಎಲ್ಲಿ ಎಂದು ಕೇಳಿದವರು ಅವರೊಬ್ಬರೇ. ನನಗಂತೂ ಅವರ ಮೇಲೆ ಪ್ರೀತಿ ಬಂತು.

ಈಗ ಆ ಸರ್. ಅವರು ಯಾರೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಆ ಜಾತಿ ಗೊತ್ತು. ನಿವೃತ್ತ ಅಧ್ಯಾಪಕರು, ಊರಿನ ಪ್ರತಿ ಸಭೆಗೂ ಅಧ್ಯಕ್ಷರು. ನಡುಮನೆಯ ಟೀಪಾಯಿ ಮೇಲೆ ಕೈಬರಹದ ಕಟ್ಟುಗಳು, ಅದರ ಮೇಲೆ ಕನ್ನಡಕದ ಪೆಟ್ಟಿಗೆ. ಬಂದವರಿಗೆಲ್ಲ ‘ಅಯ್ಯೋ ನೋಡಿ, ಎಷ್ಟು ಜನ ಕೊಟ್ಟು ಹೋಗಿದ್ದಾರೆ’ ಎಂದು ಸಂಕಟದ ದನಿಯಲ್ಲಿ ತೋರಿಸುವ ಸಂತೋಷ. ಒಲ್ಲೆ ಎಂದು ಮೊದಲ ದಿನವೇ ಹೇಳಿದ್ದರೆ ನೀವು ಒಂದು ವಾರ ಬೇಜಾರು ಮಾಡಿಕೊಂಡು ಮುಂದೆ ಹೋಗುತ್ತಿದ್ದಿರಿ. ಒಲ್ಲೆ ಎನ್ನದೆ ಇಟ್ಟುಕೊಳ್ಳುವವರೇ ಅಪಾಯ. ಯುಗಾದಿಗೆ ಕೇಳಿದರೆ ‘ಓದ್ತಾ ಇದೀನಮ್ಮ’, ಗಣಪತಿ ಹಬ್ಬಕ್ಕೆ ಕೇಳಿದರೆ ‘ಎರಡು ಕಥೆ ಮುಗೀತು’. ಓದುವವರು ಓದುತ್ತಾರೆ, ಎರಡು ನೋಟ್‌ಬುಕ್ಕಿಗೆ ಎರಡು ವರ್ಷ ಬೇಡ.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತಿದೆ, ಮತ್ತೆ ಹೇಳುತ್ತೇನೆ: ಮುನ್ನುಡಿ ಬೇಡ. ಕಥೆಗೆ ಕಥೆ ಸಾಕು. ಅದೂ ನಮ್ಮ ಹೆಂಗಸರ ಪುಸ್ತಕಕ್ಕೆ ಈ ಹಿರಿಯರು ಬರೆಯುವ ಮುನ್ನುಡಿಯ ಧಾಟಿ ನಿಮಗೂ ಬಾಯಿಪಾಠ ಇರಬೇಕು. ಮೊದಲ ಮೂರು ಪುಟ ತಮ್ಮ ಓದಿನ ಪ್ರದರ್ಶನ. ನಾಲ್ಕನೆಯ ಪುಟದಲ್ಲಿ ‘ಗೃಹಕೃತ್ಯದ ನಡುವೆಯೂ ಬಿಡುವು ಮಾಡಿಕೊಂಡು ಶ್ರೀಮತಿಯವರು ಬರೆದಿರುವುದು ಶ್ಲಾಘನೀಯ’. ಕೊನೆಗೆ ‘ಭರವಸೆ ಮೂಡಿಸಿದ್ದಾರೆ’. ಐವತ್ತೊಂದು ವರ್ಷಕ್ಕೆ ಇನ್ನೆಷ್ಟು ಭರವಸೆ ಮೂಡಿಸುವುದು! ಹದಿನಾರು ಪುಟಕ್ಕೊಂದು ಫಾರಂ ಎಂದು ಲೆಕ್ಕ ಹಾಕುವ ಅಚ್ಚಿನವರ ಬಳಿ ಕೇಳಿ ನೋಡಿ, ಎಂಟು ಪುಟದ ಮುನ್ನುಡಿ ಅಂದರೆ ಅರ್ಧ ಫಾರಂ. ಅಷ್ಟರಲ್ಲಿ ನಿಮ್ಮ ಇನ್ನೊಂದು ಕಥೆ ಕೂರುತ್ತದೆ.

ಹಿರಿಯರ ಆಶೀರ್ವಾದ ಬರಲಿ ಎಂದು ಕಾದರೆ ಎಷ್ಟು ಹೊತ್ತಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಲೆಕ್ಕವಿದೆ. ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಅದರ ಅಧ್ಯಕ್ಷ ಪೀಠದಲ್ಲಿ ಮೊದಲ ಸಲ ಹೆಂಗಸೊಬ್ಬರು, ಜಯದೇವಿತಾಯಿ ಲಿಗಾಡೆ, ಕೂತದ್ದು 1974ರಲ್ಲಿ ಮಂಡ್ಯದಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಿಂದ ಕನ್ನಡಕ್ಕೆ ಬರುತ್ತಿತ್ತು, ಒಬ್ಬ ಲೇಖಕಿಗೆ ಬಂದದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣ ಅವರಿಗೆ. ಅಷ್ಟರವರೆಗೆ ನಮ್ಮವರು ಬರೆಯದೆ ಕೂತಿದ್ದರೇ? ನಂಜನಗೂಡಿನ ತಿರುಮಲಾಂಬ, ಬಾಲವಿಧವೆ, 1913ರಲ್ಲಿ ಸತೀ ಹಿತೈಷಿಣಿ ಎಂಬ ಗ್ರಂಥಮಾಲೆಯನ್ನೇ ಶುರುಮಾಡಿ ತಮ್ಮದನ್ನೂ ಇತರರದನ್ನೂ ಅಚ್ಚು ಹಾಕಿಸಿದರು. ಆ ಕಾಲದ ಮಡಿ, ಬಾಯಿಮಾತು, ಎಲ್ಲದರ ನಡುವೆ. ಆಮೇಲೆ ಅವರ ಬರವಣಿಗೆ ನಿಂತುಹೋಯಿತು. ತೀರಿಕೊಂಡದ್ದು 1982ರಲ್ಲಿ, ಅದಕ್ಕೆ ದಶಕಗಳ ಮೊದಲೇ ಕನ್ನಡ ಅವರನ್ನು ಮರೆತುಬಿಟ್ಟಿತ್ತು. ಆದರೂ ಇವತ್ತು ನಾವು ಅವರನ್ನು ಹುಡುಕಿ ಓದುತ್ತೇವೆ, ಯಾಕೆಂದರೆ ಅಚ್ಚಾದ ಪುಸ್ತಕ ಉಳಿದಿತ್ತು. ಕೊಡಗಿನ ಗೌರಮ್ಮ 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ಹೋದರು. ಅವರ ಕಥೆಗಳು ಪುಸ್ತಕವಾದಾಗ ನೋಡಲು ಅವರಿರಲಿಲ್ಲ. ಹೆದರಿಸಲು ಹೇಳುತ್ತಿಲ್ಲ. ಸರಿ, ಸ್ವಲ್ಪ ಹೆದರಿಸಲೆಂದೇ ಹೇಳುತ್ತಿದ್ದೇನೆ.

‘ಈ ವಯಸ್ಸಿಗೆ ಮೊದಲ ಪುಸ್ತಕ ಅಂದರೆ ನಗುವುದಿಲ್ಲವೇ’ ಎಂದೂ ಬರೆದಿದ್ದೀರಿ. ನಿಮ್ಮ ಜಿಲ್ಲೆಯವರೇ, ತೀರ್ಥಹಳ್ಳಿಯ ಎಂ.ಕೆ. ಇಂದಿರಾ, ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ಹೊರಬಂದದ್ದು 1963ರಲ್ಲಿ. ಶಾಲೆ ಕಂಡದ್ದು ಅಷ್ಟಕ್ಕಷ್ಟೇ. ಕಾಸರಗೋಡಿನ ಸಾರಾ ಅಬೂಬಕ್ಕರ್ ಹೆಸರಾದದ್ದೂ ನಲವತ್ತು ದಾಟಿದ ಮೇಲೆ. ನಗುವವರು ನಗಲಿ, ಅವರಲ್ಲಿ ಎಷ್ಟು ಜನ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವವರು ಎಂದು ನೋಡಿಕೊಳ್ಳಿ.

ನಿಮ್ಮ ಯಜಮಾನರ ಬಗ್ಗೆಯೂ ಒಂದು ಮಾತಿದೆ, ಅವರು ಇದನ್ನು ಓದಿದರೆ ಓದಲಿ. ಆ ಸರ್ ಇವರಿಗೆ ಕಾಲೇಜಿನಲ್ಲಿ ಪಾಠ ಮಾಡಿದವರು, ನೋಟ್‌ಬುಕ್ ಕೊಂಡುಹೋಗಿ ಕೊಟ್ಟವರೂ ಇವರೇ, ಈಗ ‘ಅಷ್ಟು ದೊಡ್ಡವರ ಹತ್ತಿರ ವಾಪಸ್ ಕೇಳೋದು ಹೇಗೆ, ತಪ್ಪು ತಿಳ್ಕೋತಾರೆ’ ಎನ್ನುತ್ತಿರುವವರೂ ಇವರೇ. ಒಳ್ಳೆಯ ಮನುಷ್ಯ ಇರಬೇಕು, ಹೆಂಡತಿಯ ಕಥೆ ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋಗುವ ಗಂಡಂದಿರು ಎಷ್ಟಿದ್ದಾರೆ? ಆದರೆ ದಾಕ್ಷಿಣ್ಯ ಅವರದು, ಕಥೆ ನಿಮ್ಮದು. ಈ ಸಲ ಅವರನ್ನು ಕಳಿಸಬೇಡಿ. ಹೋದರೆ ಊಟ ಮಾಡಿ, ಅಡಿಕೆ ರೇಟು ಮಾತಾಡಿ, ಕೈಬೀಸಿಕೊಂಡು ಬರುತ್ತಾರೆ.

ಕಾನೂನು ಕೇಳಿದ್ದೀರಿ, ‘ಅವರು ಇಟ್ಟುಕೊಂಡು ಬಿಟ್ಟರೆ?’ ಎಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಅದು ನಿಮ್ಮ ಸ್ವತ್ತು. ಅಚ್ಚಾಗಿರಬೇಕೆಂದಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ನಿಮ್ಮ ಕಾಲಾನಂತರವೂ 60 ವರ್ಷ ನಿಮ್ಮ ಮಗನಿಗೆ, ಮೊಮ್ಮಕ್ಕಳಿಗೆ ಹಕ್ಕಿರುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ನೋಟ್‌ಬುಕ್ಕಿಗೆ ಬೂಷ್ಟು ಹಿಡಿಯದಂತೆ ಯಾವ ಕಾಯ್ದೆಯೂ ಕಾಯುವುದಿಲ್ಲ. ಎರಡು ಮಳೆಗಾಲ ಆಗಿಹೋಗಿದೆ.

ಆದ್ದರಿಂದ ಬರುವ ಶನಿವಾರ ಬೆಳಿಗ್ಗೆ ಸಾಗರದಲ್ಲಿ ಕೆಂಪು ಬಸ್ಸು ಹತ್ತಿ. 2023ರ ಜೂನ್‌ನಿಂದ ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ, ‘ನನ್ನ ಹತ್ತಿರ ಕಾಸಿರಲ್ಲ’ ಎನ್ನುವ ನೆವ ನಡೆಯುವುದಿಲ್ಲ. ದೊಡ್ಡ ಬಟ್ಟೆಚೀಲ ತೆಗೆದುಕೊಳ್ಳಿ. ಆ ಗೆಳತಿಯನ್ನೂ ಕರೆದುಕೊಂಡು ಹೋಗಿ, ಎರಡನೇ ಶನಿವಾರವಾದರೆ ಬ್ಯಾಂಕಿಗೂ ರಜೆ. ಹೋಗುತ್ತಾ ಬಸ್ಸಿನಲ್ಲಿ ಅವರಿಗೆ ‘ನಿನ್ನ ಬಹುಮಾನ ನೋಡಿ ನನಗೆ ಹೊಟ್ಟೆ ಉರೀತು’ ಎಂದು ಹೇಳಿಬಿಟ್ಟರೂ ನಡೆದೀತು, ಇಪ್ಪತ್ತು ವರ್ಷದ ಸ್ನೇಹ ಅಷ್ಟಕ್ಕೆ ಮುರಿಯುವುದಿಲ್ಲ. ಹೇಳದಿದ್ದರೂ ಸರಿ.

ಹೊರಡುವ ಮುಂಚೆ ಫೋನು ಮಾಡಿ ‘ಬರಲೇ ಸರ್’ ಎಂದು ಕೇಳಬೇಡಿ, ಕೇಳಿದರೆ ‘ಮುಂದಿನ ವಾರ ಬನ್ನಿ’ ಎನ್ನುತ್ತಾರೆ. ಹೋಗಿ ನಮಸ್ಕಾರ ಮಾಡಿ. ‘ಡಿಟಿಪಿಗೆ ಕೊಡಬೇಕು ಸರ್, ನೋಟ್‌ಬುಕ್ ಬೇಕಾಗಿತ್ತು’ ಅನ್ನಿ, ಅಷ್ಟೇ. ‘ಮುನ್ನುಡಿ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ‘ಈ ಪುಸ್ತಕಕ್ಕೆ ಹಾಕಿಸ್ತಾ ಇಲ್ಲ ಸರ್’ ಅನ್ನಿ. ಎಲ್ಲಿಟ್ಟೆನೋ ಎಂದು ತಲೆ ಕೆರೆದುಕೊಂಡರೆ ಅವರ ಹೆಂಡತಿಯನ್ನು ಕೇಳಿ, ಯಾವ ಕಪಾಟು ಯಾವ ಅಟ್ಟ ಎಂದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ. ಕಾಫಿ ಕೊಟ್ಟರೆ ಕುಡಿಯಿರಿ. ನೋಟ್‌ಬುಕ್ ಚೀಲಕ್ಕೆ ಬೀಳುವ ತನಕ ಆ ಕುರ್ಚಿಯಿಂದ ಏಳಬೇಡಿ. ಊರಿಗೆ ಬಸ್ಸು ಹತ್ತುವ ಮೊದಲೇ ಶಿವಮೊಗ್ಗದಲ್ಲಿ ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಒಂದು ಗೆಳತಿಯ ಕೈಗೆ ಕೊಡಿ, ಅವರ ಪ್ರಕಾಶಕರಿಗೆ ಹೋಗಲಿ.

ಬಳಗ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ, ಬೇಕೆಂದೇ. ನೋಟ್‌ಬುಕ್ ಮನೆಗೆ ಬಂದ ಮೇಲೂ ಆ ಪ್ರಶ್ನೆ ಉಳಿದಿದ್ದರೆ ಇನ್ನೊಂದು ಪತ್ರ ಬರೆಯಿರಿ.