ಮರುವಾಯಿ (ಚಿಪ್ಪಿನೊಳಗಿರುವ ಕಡಲಜೀವಿ) ಸ್ಪಗೆಟ್ಟಿ ಮಾಡಿದರೆ ಎಣ್ಣೆ ಬೇರೆ, ರಸ ಬೇರೆ ನಿಲ್ಲುವುದೇಕೆ?

ಸ್ಪಗೆಟ್ಟಿ ಎಂಬ ಉದ್ದ ಎಳೆಯ ಪಾಸ್ತಾ ಬೇಯಿಸಿದ ನೀರನ್ನು ನೀವು ಪೂರ್ತಿ ಚೆಲ್ಲಿಬಿಟ್ಟಿರಬೇಕು. ಹೆಚ್ಚಿನ ಮನೆಗಳಲ್ಲಿ ಆಗುವುದೇ ಅದು. ಇಟಲಿಯ ನೇಪಲ್ಸ್‌ನ ಈ ಅಡುಗೆಯಲ್ಲಿ (ಅಲ್ಲಿನ ಹೆಸರು ಸ್ಪಗೆಟ್ಟಿ ಅಲ್ಲೆ ವೊಂಗೊಲೆ) ಆಲಿವ್ ಎಣ್ಣೆ, ಬೆಳ್ಳುಳ್ಳಿ ಮತ್ತು ಮರುವಾಯಿ ಬಿಟ್ಟ ರಸವೇ ಸಾರ. ಎಣ್ಣೆಯೂ ನೀರೂ ತಾವಾಗಿ ಕೂಡುವುದಿಲ್ಲ. ಆದರೆ ಪಾಸ್ತಾ ಬೇಯುವಾಗ ಅದರ ಪಿಷ್ಟ ನೀರಿಗೆ ಇಳಿದು, ನೀರು ಅನ್ನ ಬಸಿದ ಗಂಜಿಯಂತೆ ಮಂದವಾಗುತ್ತದೆ. ಈ ಮಂದ ನೀರಿನಲ್ಲಿ ಎಣ್ಣೆಯ ಸಣ್ಣ ಹನಿಗಳು ಮತ್ತೆ ಒಂದುಗೂಡಲಾರದೆ ಹರಡಿಕೊಂಡೇ ಉಳಿಯುತ್ತವೆ, ರಸ ಎಳೆಗಳಿಗೆ ಅಂಟಿಕೊಳ್ಳುತ್ತದೆ.

ಹಾಗಾಗಿ ಪೊಟ್ಟಣದಲ್ಲಿ ಬರೆದ ಸಮಯಕ್ಕಿಂತ 2 ನಿಮಿಷ ಮೊದಲೇ ಪಾಸ್ತಾವನ್ನು ತೆಗೆದು ರಸವಿರುವ ಬಾಣಲೆಗೆ ಹಾಕಿ, ಪಾಸ್ತಾ ಬೇಯಿಸಿದ ನೀರನ್ನು ಒಂದು ಸೌಟು ಸೇರಿಸಿ, ದೊಡ್ಡ ಉರಿಯಲ್ಲಿ ಬಿಡದೆ ಕಲಕಿ. ಸುಮ್ಮನೆ ಮೇಲೆ ಸುರಿದರೆ ಸಾಲದು, ಈ ಕಲಕುವಿಕೆಯೇ ಎಣ್ಣೆಯನ್ನು ಒಡೆಯುವುದು. ಪಾಸ್ತಾವನ್ನು ಕಡಿಮೆ ನೀರಿನಲ್ಲಿ ಬೇಯಿಸಿದರೆ ಪಿಷ್ಟ ಇನ್ನೂ ದಟ್ಟವಾಗಿರುತ್ತದೆ.

ಮರುವಾಯಿ ಬಾಯಿ ತೆರೆದೊಡನೆ ಅದನ್ನು ಹೊರಗೆ ತೆಗೆದಿಡಿ, ಕೊನೆಗೆ ಸೇರಿಸಿ. ಉರಿಯಲ್ಲೇ ಬಿಟ್ಟರೆ ರಬ್ಬರಾಗುತ್ತದೆ. ಅದರ ರಸದಲ್ಲಿ ಮರಳಿರಬಹುದು, ಬಟ್ಟೆಯಲ್ಲಿ ಸೋಸಿಕೊಳ್ಳಿ. ಸಮುದ್ರದ ಉಪ್ಪೂ ಅದರಲ್ಲೇ ಇರುವುದರಿಂದ ರುಚಿ ನೋಡದೆ ಉಪ್ಪಿನ ಡಬ್ಬಿಗೆ ಕೈ ಹಾಕಬೇಡಿ. ಚೀಸ್ ಬೇಡವೇ ಬೇಡ. ಇಟಲಿಯವರೂ ಇದಕ್ಕೆ ಸಾಮಾನ್ಯವಾಗಿ ಹಾಕುವುದಿಲ್ಲ.