ಬೋರ್ಡು ಬೇಡ, ಮಳೆಗಾಲದ ಕೂಲಿ ಬೇಕು

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಸ್ವಸಹಾಯ ಸಂಘ. ಎಚ್‌ಐವಿ ಸೋಂಕಿತ ಮಹಿಳೆಯರಿಗೆಂದೇ ಹಲಸಿನ ಹಪ್ಪಳ, ಮುರುಗಲು (ಕೋಕಂ) ಘಟಕ ತೆರೆಯಬೇಕೆಂದಿದ್ದೇವೆ. ದಾನಿಗಳು ಸೋಂಕಿತರ ಪಟ್ಟಿ, ಫೋಟೊ ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬಾರದು. ಬೇರೆ ಬೇರೆ ಸಂಘಗಳಿಂದ ಇದೇ ಪ್ರಶ್ನೆ ಬಂದು ಬಂದು ಈಗ ನನಗೆ ಸಿಟ್ಟೇ ಬರುತ್ತದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಲಿಖಿತ ಒಪ್ಪಿಗೆ ಇಲ್ಲದೆ ಯಾರ ಸೋಂಕಿನ ವಿಷಯವನ್ನೂ ಹೊರಗೆಡಹುವಂತಿಲ್ಲ. ಕೂಲಿ ಸಿಕ್ಕೀತೆಂದು ಒತ್ತಿದ ಹೆಬ್ಬೆಟ್ಟನ್ನು ನಾನು ಒಪ್ಪಿಗೆ ಎನ್ನುವುದಿಲ್ಲ.

ನನ್ನ ಬಳಿ ಬರುತ್ತಿದ್ದ ಮಹಿಳೆಯೊಬ್ಬರು ಮಾತ್ರೆ ಪಡೆದ ಕೂಡಲೇ ಡಬ್ಬಿಯ ಚೀಟಿ ಕಿತ್ತು, ಒಳಗೆ ಹತ್ತಿ ತುರುಕುತ್ತಿದ್ದರು. ಬಸ್ಸು ಕುಲುಕಿದಾಗ ಸದ್ದಾಗಬಾರದಲ್ಲ! ಹತ್ತಿರದ ಆಸ್ಪತ್ರೆ ಬಿಟ್ಟು, ಪರಿಚಯದವರಿಲ್ಲದ ಊರಿಗೆ ಹೋಗುತ್ತಿದ್ದರು. ಅಂಥವರು ‘ಸೋಂಕಿತರ ಘಟಕ’ ಎಂಬ ನಿಮ್ಮ ಬೋರ್ಡಿನ ಕೆಳಗೆ ಕುಳಿತು ಹಪ್ಪಳ ಒತ್ತುತ್ತಾರೆಯೇ?

ಘಟಕ ಎಲ್ಲರದಾಗಲಿ. ಗಂಡನನ್ನು ಕಳೆದುಕೊಂಡವರು, ಜಮೀನಿಲ್ಲದವರು, ಯಾರಿಗೆ ದುಡಿಮೆ ಬೇಕೋ ಅವರೆಲ್ಲ ಬರಲಿ. ಯಾರಿಗೆ ಯಾವ ಕಾಯಿಲೆ ಎಂಬುದು ಸಂಘದ ಅಧ್ಯಕ್ಷೆಗೂ ಗೊತ್ತಿರಬೇಕಿಲ್ಲ. ಎಆರ್‌ಟಿ (ಎಚ್‌ಐವಿ ಔಷಧಿ) ಕೇಂದ್ರದ ಆಪ್ತಸಮಾಲೋಚಕರಿಗೆ ಸಂಘದ ವಿಳಾಸ ಕೊಟ್ಟು ಬನ್ನಿ. ಬೇಕೆನಿಸಿದವರು ತಾವಾಗಿ ಬರುತ್ತಾರೆ. ಲೆಕ್ಕದ ಪುಸ್ತಕ, ಬ್ಯಾಂಕ್ ಖಾತೆ ದುಡಿಯುವವರ ಕೈಯಲ್ಲೇ ಇರಲಿ, ದಾನಿಗಳ ಕೈಯಲ್ಲಲ್ಲ.

ಇನ್ನು ನೀವು ಯೋಚಿಸಿಯೇ ಇಲ್ಲದ ಮಾತು. ಹಲಸು, ಮುರುಗಲು ಎರಡೂ ಬೇಸಿಗೆಯವು. ಮಳೆ ಹಿಡಿಯುವುದರೊಳಗೆ ಒಣಗದ ಮುರುಗಲು ಸಿಪ್ಪೆಗೆ ಬೂಸ್ಟು ಬರುತ್ತದೆ. ಆಷಾಢದಲ್ಲಿ ಏನು ಮಾಡುತ್ತೀರಿ? ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಒಣಮೀನಿನವರ ಕೈ ಖಾಲಿ. ಕೂಲಿಗೂ ಮಾತ್ರೆಗೂ ನಂಟಿದೆ. ಸರ್ಕಾರಿ ಕೇಂದ್ರಗಳಲ್ಲಿ ಎಆರ್‌ಟಿ ಮಾತ್ರೆ 2004ರಿಂದ ಉಚಿತ, 2023ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸೂ ಉಚಿತ. ಆದರೂ ಮಾತ್ರೆ ತರುವ ದಿನ ತಪ್ಪುತ್ತದೆ. ಆ ಒಂದು ದಿನದ ಕೂಲಿ ಬಿಡಲಾಗದ ಮನೆಗಳಿವೆ. ಆದ್ದರಿಂದ ಪ್ರತಿಯೊಬ್ಬರಿಗೂ ತಿಂಗಳಿಗೊಂದು ಸಂಬಳಸಹಿತ ರಜೆ ಕೊಡಿ, ಕಾರಣ ಕೇಳಬೇಡಿ. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಅಪ್ಪೆಮಿಡಿಗೆ ಮಳೆಗಾಲದಲ್ಲಿ ಖಾರ ಕಲಸಿ ಮಾರಬಹುದು, ಹೊಲಿಗೆ ಹಿಡಿಯಬಹುದು. ಹಣ ಕೇಳುವ ಮೊದಲು ಮಳೆಗಾಲದ ತಿಂಗಳುಗಳ ಲೆಕ್ಕ ಬರೆಯಿರಿ.

ಪ್ರಶ್ನೆ: ಸೋಂಕಿತರು ಮಾಡಿದ ಹಪ್ಪಳ ತಿಂದರೆ ರೋಗ ಹರಡುತ್ತದೆಯೇ? (ಕುಮಟಾ)

ಇಲ್ಲ. ಇನ್ನು ಮುಂದೆ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಪ್ರಶ್ನೆ: ಬೇರಿನ ಔಷಧಿ ಕೊಡುವವರೊಬ್ಬರು ಮೂರು ತಿಂಗಳಲ್ಲಿ ವಾಸಿ ಮಾಡುತ್ತಾರಂತೆ. ತಂಗಿ ಎಆರ್‌ಟಿ ಮಾತ್ರೆ ನಿಲ್ಲಿಸಿ ಅದನ್ನೇ ಕುಡಿಯುತ್ತಿದ್ದಾಳೆ, ಮೈಕೈ ತುಂಬಿಕೊಂಡಿದ್ದಾಳೆ. (ಕಾರವಾರ)

ಅವಳ ಮೈ ತುಂಬಿದ್ದು ಇಷ್ಟು ದಿನ ನುಂಗಿದ ಮಾತ್ರೆಯಿಂದ. ಆ ಮನುಷ್ಯ ಮೋಸಗಾರ. ಏಡ್ಸ್ ವಾಸಿ ಮಾಡುತ್ತೇವೆಂದು ಔಷಧಿ ಮಾರುವುದನ್ನು 1945ರ ಔಷಧ ನಿಯಮಗಳೇ ತಡೆದಿವೆ. ಮಾತ್ರೆ ನಿಂತರೆ ರಕ್ತದಲ್ಲಿ ವೈರಸ್ ಮತ್ತೆ ಏರುತ್ತದೆ, ನೋಡುವವರ ಕಣ್ಣಿಗೆ ಅದು ಕಾಣುವುದಿಲ್ಲ. ತಂಗಿಯನ್ನು ಬೈಯಬೇಡಿ. ನಾಳೆ ಬೆಳಗಿನ ಬಸ್ಸಿಗೆ ಅವಳ ಜೊತೆ ನೀವೇ ಎಆರ್‌ಟಿ ಕೇಂದ್ರಕ್ಕೆ ಹೊರಡಿ; ದಾರಿ ತಿಳಿಯದಿದ್ದರೆ ಈಗಲೇ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ.