ತೂತು ಎಣಿಸಿ, ಆಮೇಲೆ ಕಂಪನಿ ಹೆಸರು ಹೇಳಿ

ಆತ್ಮೀಯರೇ,

ನಮಸ್ಕಾರ. ‘ಚುಕ್ಕಿಗಳಲ್ಲಿ ಅಡಗಿದ ಇತಿಹಾಸ’ ಎಂಬ ನಿಮ್ಮ ಲೇಖನ ಓದಿದೆ. ಹಿಂದೆ ಕಂಪನಿಗಳು ತಮ್ಮ ಇನಿಷಿಯಲ್‌ಗಳನ್ನು ಸ್ಟಾಂಪಿನ ಮೇಲೆ ಸಣ್ಣ ಸಣ್ಣ ತೂತುಗಳಲ್ಲಿ ಕೊರೆಸುತ್ತಿದ್ದವು. ಅಂಥ ಪರ್ಫಿನ್‌ಗಳನ್ನು ನೋಡಿ ಯಾವ ಕಂಪನಿಯದೆಂದು ಗುರುತಿಸುವುದು ಹೇಗೆ ಎನ್ನುವುದು ನಿಮ್ಮ ವಿಷಯ. ವಿಷಯ ಚೆನ್ನಾಗಿದೆ. ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಹತ್ತಿರ ಒಳ್ಳೆ ಸರಕಿದೆ, ಅದನ್ನು ನೀವೇ ಸರಿಯಾಗಿ ನೋಡಿಲ್ಲ.

ಮೊದಲು ಕತ್ತರಿ. ಪಾರಿವಾಳದ ಅಂಚೆ, ಕುದುರೆ ಅಂಚೆ, ಜಗತ್ತಿನ ಮೊದಲ ಅಂಚೆಚೀಟಿಯಾದ 1840ರ ಪೆನ್ನಿ ಬ್ಲ್ಯಾಕ್ ಇರುವ ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ‘ಅಂಚೆಚೀಟಿ ಸಂಗ್ರಹವೆಂಬುದು ಒಂದು ಅದ್ಭುತ ಲೋಕ’ ಎಂಬ ಸಾಲೂ ಹೋಗಲಿ. ಈ ಹವ್ಯಾಸದ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಆ ಸಾಲು ಇಲ್ಲದ್ದು ಸಿಗುವುದೇ ಅಪರೂಪ.

ಅದರ ಬದಲು, ನೀವು ಅರ್ಧ ಸಾಲಿನಲ್ಲಿ ಮುಗಿಸಿದ ಕಳ್ಳತನದ ವಿಷಯ ಬರೆಯಿರಿ. ಆಗ ಸ್ಟಾಂಪ್ ಅಂದರೆ ಹೆಚ್ಚುಕಡಿಮೆ ದುಡ್ಡೇ. ಬ್ರಿಟನ್ನಿನಲ್ಲಿ ಬಳಸದ ಸ್ಟಾಂಪನ್ನು ಅಂಚೆ ಕಚೇರಿಯೇ ವಾಪಸ್ ತಗೊಂಡು ನಗದು ಕೊಡುತ್ತಿತ್ತು. ಆಫೀಸಿನ ಡ್ರಾಯರಿನಿಂದ ದಿನಾ ನಾಲ್ಕು ಸ್ಟಾಂಪ್ ಜೇಬಿಗಿಳಿಸಿದರೆ ಕೇಳುವವರಾರು? ಕಾಗದಪತ್ರಗಳಿಗೆ ತೂತು ಹಾಕುವ ಯಂತ್ರ ಮಾಡಿದ್ದ ಲಂಡನ್ನಿನ ಜೋಸೆಫ್ ಸ್ಲೋಪರ್ 1868ರಲ್ಲಿ ಸ್ಟಾಂಪಿಗೂ ತೂತು ಹಾಕಲು ಅಂಚೆ ಇಲಾಖೆಯ ಒಪ್ಪಿಗೆ ಪಡೆದ. ತೂತು ಬಿದ್ದ ಸ್ಟಾಂಪಿಗೆ ಅಂಚೆ ಕಚೇರಿ ದುಡ್ಡು ಕೊಡುವುದಿಲ್ಲ ಎಂದಾದ ಮೇಲೆ ಕದ್ದು ಪ್ರಯೋಜನವಿಲ್ಲ. ಅಮೆರಿಕ ಇದಕ್ಕೆ ಅನುಮತಿ ಕೊಟ್ಟದ್ದು 1908ರಲ್ಲಿ. 1920ರ ದಶಕದಿಂದ, ಸ್ಟಾಂಪಿನ ಬದಲು ಲಕೋಟೆಯ ಮೇಲೇ ಅಂಚೆ ದರದ ಮುದ್ರೆ ಒತ್ತುವ ಫ್ರಾಂಕಿಂಗ್ ಯಂತ್ರಗಳು ಬಂದು, ನಿಧಾನವಾಗಿ ಈ ಪದ್ಧತಿಗೆ ಕೆಲಸ ಇಲ್ಲದಂತಾಯಿತು. ಇತಿಹಾಸ ಇಷ್ಟು ಸಾಕು. ಒಂದು ಪ್ಯಾರಾ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ನೀವು ಅಕ್ಷರ ಓದುತ್ತೀರಿ, ಹೊಂದುವ ಒಂದು ಕಂಪನಿ ಹುಡುಕುತ್ತೀರಿ, ‘ಇದು ಇಂಥವರದು’ ಎಂದು ಬರೆದು ಮುಂದೆ ಹೋಗುತ್ತೀರಿ. ಇದು ಗುರುತಿಸುವುದಲ್ಲ, ಊಹೆ. ಒಂದೇ ಎರಡಕ್ಷರವನ್ನು ಎಷ್ಟೋ ಕಂಪನಿಗಳು ಬಳಸಿವೆ. ಒಂದೇ ಕಂಪನಿ ಬೇರೆ ಬೇರೆ ಡೈಗಳನ್ನು, ಅಂದರೆ ತೂತು ಹಾಕುವ ಪಿನ್ನುಗಳ ಅಚ್ಚುಗಳನ್ನು, ಇಟ್ಟುಕೊಂಡದ್ದೂ ಉಂಟು. ಹಾಗಾಗಿ ಗುರುತು ಕಂಪನಿಯದಲ್ಲ, ಡೈಯದು. ಯಾವ ಅಕ್ಷರಕ್ಕೆ ಎಷ್ಟು ತೂತು, ಅಕ್ಷರದ ಎತ್ತರ ಎಷ್ಟು ಮಿಲಿಮೀಟರ್, ಎರಡು ಅಕ್ಷರದ ನಡುವೆ ಎಷ್ಟು ಜಾಗ: ಈ ಲೆಕ್ಕ ನಿಮ್ಮ ಇಡೀ ಲೇಖನದಲ್ಲಿ ಒಂದು ಕಡೆಯೂ ಇಲ್ಲ.

ನಿಮ್ಮ ‘ಎ ಎಂ’ ಸ್ಟಾಂಪನ್ನೇ ತಗೊಳ್ಳಿ. ತಿಳಿನೇರಳೆ ಬಣ್ಣದ ಬ್ರಿಟಿಷ್ ಒಂದು ಪೆನ್ನಿ. ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆದಿದ್ದೀರಿ, ತೂತುಗಳು ಅರ್ಧ ಮಾಯ. ಪರ್ಫಿನ್ ಯಾವಾಗಲೂ ಕಪ್ಪು ಕಾಗದದ ಮೇಲೆ ಬೋರಲು ಹಾಕಿ ತೆಗೆಯಬೇಕು. ಹಿಂಭಾಗದಲ್ಲಿ ಚಿತ್ರ, ಮೊಹರು ಅಡ್ಡ ಬರುವುದಿಲ್ಲ, ತೂತು ಮಾತ್ರ ಎದ್ದು ಕಾಣುತ್ತದೆ. ಆದರೂ ಕಷ್ಟಪಟ್ಟು ಎಣಿಸಿದೆ. ಎ ಅಕ್ಷರಕ್ಕೆ 10, ಎಂ ಅಕ್ಷರಕ್ಕೆ 13 ಸಿಕ್ಕಿತು. ಎಂ ಬಲಗಾಲಿನ ತುದಿಯಲ್ಲಿ ಒಂದು ತೂತು ಇರಬೇಕಾದ ಕಡೆ ಬರೀ ತಗ್ಗು ಇದ್ದ ಹಾಗಿದೆ. ಅಲ್ಲಿ ಪಿನ್ನು ಸವೆದಿರಬಹುದು ಅಥವಾ ಮುರಿದಿರಬಹುದು. ಭೂತಗನ್ನಡಿ ಹಿಡಿದು ನೋಡಿ. ಡೈ ಹಳತಾದಂತೆ ಪಿನ್ನುಗಳು ಒಂದೊಂದಾಗಿ ಹೋಗುತ್ತವೆ. ಅದೇ ತೂತು ತಪ್ಪಿದ ಸ್ಟಾಂಪುಗಳನ್ನು ಮೊಹರಿನ ತಾರೀಖಿನ ಪ್ರಕಾರ ಜೋಡಿಸಿದರೆ ಆ ಡೈ ಯಾವಾಗ ಸವೆಯಿತು ಎನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ಪೇಚು ಇದೆ. ಇಂಗ್ಲಿಷಿನ ಎ ಮತ್ತು ಎಂ ಎರಡೂ ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣುವ ಅಕ್ಷರಗಳು. ಅಂದಮೇಲೆ ಅದು ‘ಎಂ ಎ’ ಯಾಕಾಗಿರಬಾರದು? ಆಫೀಸುಗಳಲ್ಲಿ ಸ್ಟಾಂಪಿನ ಹಾಳೆ ಮಡಚಿ ಯಂತ್ರಕ್ಕೆ ಕೊಡುತ್ತಿದ್ದರು. ಆಗ ಕೆಲವು ಸ್ಟಾಂಪಿನಲ್ಲಿ ಅಕ್ಷರ ಮುಂದಿನಿಂದ ನೆಟ್ಟಗೆ, ಕೆಲವದರಲ್ಲಿ ಹಿಂದಿನಿಂದ ನೆಟ್ಟಗೆ. ತಲೆಕೆಳಗಾಗಿ, ಅಡ್ಡಡ್ಡ ಬಿದ್ದದ್ದೂ ಬೇಕಾದಷ್ಟು ಸಿಗುತ್ತದೆ. ಪಿನ್ನು ಹೊರಬಂದ ಕಡೆ ತೂತಿನ ಅಂಚು ಒಂಚೂರು ಉಬ್ಬಿರುತ್ತದೆ. ಸಾಮಾನ್ಯವಾಗಿ ಅದರ ಎದುರು ಬದಿಯಿಂದ ಓದಿದರೆ ಅಕ್ಷರ ಸರಿಯಾದ ಕ್ರಮದಲ್ಲಿರುತ್ತದೆ. ಇದನ್ನು ನೋಡಿದಿರಾ? ನೋಡಿದ್ದರೆ ಬರೆಯಿರಿ. ಇಲ್ಲದಿದ್ದರೆ ಈಗ ನೋಡಿ.

ಕೊನೆಗೆ ಅದನ್ನು ಒಂದು ಕಂಪನಿಗೆ ಅಂಟಿಸಿದ್ದೀರಿ. ಆ ಕಂಪನಿ ಶುರುವಾದದ್ದು 1920ರ ದಶಕದಲ್ಲಿ ಎಂದು ಮುಂದಿನ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ! ಈ ನೇರಳೆ ಪೆನ್ನಿ 1881ರಲ್ಲಿ ಬಂದದ್ದು, ವಿಕ್ಟೋರಿಯಾ ರಾಣಿಯ ಕಾಲದ್ದು. ಹುಟ್ಟುವ ಮೊದಲೇ ಕಾಗದ ಬರೆದ ಕಂಪನಿ ಯಾವುದು ಸ್ವಾಮಿ? ಸ್ಟಾಂಪಿನ ಮೂಲೆಗಳಲ್ಲಿರುವ ಚುಕ್ಕಿಗಳನ್ನು ಎಣಿಸಿ. ಒಂದು ಮೂಲೆಯಲ್ಲಿ 14 ಇದ್ದರೆ 1881ರ ಜುಲೈನಲ್ಲಿ ಹೊರಟ ಮೊದಲ ಬಗೆ. 16 ಇದ್ದರೆ ಆ ವರ್ಷದ ಡಿಸೆಂಬರ್‌ನಿಂದ ಬಂದದ್ದು. ಮೊದಲು ಸ್ಟಾಂಪಿನ ವಯಸ್ಸು, ಆಮೇಲೆ ಕಂಪನಿ. ಈ ಕ್ರಮ ಹಿಡಿದಿದ್ದರೆ ನಿಮ್ಮ ಊಹೆಗಳಲ್ಲಿ ಅರ್ಧ ಅಲ್ಲೇ ಉದುರುತ್ತಿದ್ದವು.

‘ಬಿ ಟಿ’ ಬಗ್ಗೆ ಎರಡೇ ಮಾತು. ಅದನ್ನು ಟೀ ಕಂಪನಿ ಎಂದಿದ್ದೀರಿ. ಅಕ್ಷರಗಳ ತಲೆಯ ಮೇಲೆ ಕಿರೀಟ ಇದೆಯಲ್ಲ, ಖಾಸಗಿ ಕಂಪನಿಗೆ ಅದೆಲ್ಲಿಂದ ಬರಬೇಕು? ಅದು ಬ್ರಿಟಿಷ್ ಸರ್ಕಾರದ ವ್ಯಾಪಾರ ಇಲಾಖೆ, ಬೋರ್ಡ್ ಆಫ್ ಟ್ರೇಡ್. ಪರ್ಫಿನ್‌ಗಳನ್ನು ಸರ್ಕಾರಿ ಕಚೇರಿಗಳೂ ಬಳಸಿವೆ. ಆಸ್ಟ್ರೇಲಿಯಾದ ‘ಓ ಎಸ್’, ಕೆನಡಾದ ‘ಓ ಎಚ್ ಎಂ ಎಸ್’ ಅಂಥವೇ. ಇನ್ನು ಸ್ಪೇನಿನ ಸ್ಟಾಂಪಿನ ನಡುವೆ ಇರುವ ಒಂದೇ ದೊಡ್ಡ ದುಂಡು ತೂತು ಕಂಪನಿಯ ಗುರುತೇ ಅಲ್ಲ. ಟೆಲಿಗ್ರಾಂಗೆ ಬಳಸಿದ ಸ್ಟಾಂಪನ್ನು ಅಲ್ಲಿ ಹಾಗೆ ರದ್ದು ಮಾಡುತ್ತಿದ್ದರು. ಅದನ್ನು ಲೇಖನದಿಂದ ತೆಗೆಯಿರಿ. ಇಲ್ಲವೇ ಪರ್ಫಿನ್ ಅಲ್ಲದ ತೂತು ಹೇಗಿರುತ್ತದೆ ಎಂದು ತೋರಿಸಲು ಇಟ್ಟುಕೊಳ್ಳಿ. ನಾನಾದರೆ ಇಟ್ಟುಕೊಳ್ಳುತ್ತೇನೆ.

ಆರನೇ ಪುಟದ ಕೊನೆಯಲ್ಲಿ, ಆವರಣದೊಳಗೆ, ಒಂದು ಸಾಲು ಇದೆ: ‘ಇನ್ನೊಂದು ಎ ಎಂ ಸ್ಟಾಂಪ್ ಹಳೇ ಲಕೋಟೆಗೇ ಅಂಟಿಕೊಂಡಿದೆ, ಲಕೋಟೆಯ ಹಿಂದೆ ಯಾವುದೋ ವಿಳಾಸ ಅಚ್ಚಾಗಿದೆ, ಮುಂದಿನ ವಾರ ನೀರಲ್ಲಿ ನೆನೆಸಿ ಬಿಡಿಸಬೇಕು’. ದಯವಿಟ್ಟು ನೆನೆಸಬೇಡಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಕಳಿಸಿದವರ ಹೆಸರು ಅಚ್ಚಾದ ಲಕೋಟೆ, ಅದರ ಮೇಲೆ ಅದೇ ಅಕ್ಷರದ ಪರ್ಫಿನ್, ಜೊತೆಗೆ ಊರು ಮತ್ತು ತಾರೀಖಿನ ಮೊಹರು. ಇದಕ್ಕಿಂತ ದೊಡ್ಡ ಸಾಕ್ಷಿ ಈ ಕ್ಷೇತ್ರದಲ್ಲಿ ಇಲ್ಲ. ಬಿಡಿಸಿದ ಕ್ಷಣ ಅದು ಇನ್ನೊಂದು ಬಿಡಿ ಸ್ಟಾಂಪ್ ಅಷ್ಟೆ.

ಲಕೋಟೆಯ ಮೇಲಿನ ತೂತುಗಳನ್ನು ಎಣಿಸಿ ಬಿಡಿ ಸ್ಟಾಂಪಿನ ಜೊತೆ ಹೋಲಿಸಿ. ಎ 10, ಎಂ 13, ಅದೇ ಎತ್ತರ, ಅದೇ ಜಾಗದಲ್ಲಿ ಪಿನ್ನು ತಪ್ಪಿದೆ ಎಂದಾದರೆ ಎರಡೂ ಒಂದೇ ಡೈ ಎಂದು ಧೈರ್ಯವಾಗಿ ಬರೆಯಬಹುದು. ಬೇರೆ ಬಂದರೂ ಬರೆಯಿರಿ, ಆಗ ಲೇಖನಕ್ಕೆ ಇನ್ನೂ ಜಾಸ್ತಿ ರುಚಿ. ಒಂದು ಎಚ್ಚರಿಕೆ: ಬೆಲೆ ಏರಿಸಲು ಆಮೇಲೆ ತೂತು ಹಾಕುವವರೂ ಇದ್ದಾರೆ. ಸೂಜಿ ಕಾಗದವನ್ನು ಪಕ್ಕಕ್ಕೆ ತಳ್ಳುತ್ತದೆ. ಪಂಚ್ ಮಾಡಿದರೆ ಚೂರು ಪೂರ್ತಿ ಹೊರಗೆ ಬಿದ್ದಿರುತ್ತದೆ. ಮೊಹರಿನ ಶಾಯಿ ತೂತುಗಳ ಮೂಲಕ ಇಳಿದು ಲಕೋಟೆಯ ಕಾಗದಕ್ಕೆ ಚುಕ್ಕಿ ಚುಕ್ಕಿಯಾಗಿ ತಾಗಿದ್ದರೆ, ತೂತು ಮೊಹರಿಗಿಂತ ಮೊದಲೇ ಇತ್ತು ಎಂದು ನಂಬಬಹುದು. ಅಲ್ಲಿ ಭೂತಗನ್ನಡಿಯಲ್ಲಿ ನಿಮಗೆ ಏನು ಕಂಡಿತು ಎನ್ನುವುದೇ ನನಗೆ ಬೇಕು.

ಕೊನೆಯ ಪುಟದ ಬೆಲೆಪಟ್ಟಿ ಬೇಡ. ಅದಕ್ಕೆ ಆಧಾರವನ್ನೂ ಕೊಟ್ಟಿಲ್ಲ ನೀವು. ಎಷ್ಟೋ ವರ್ಷ ಸಂಗ್ರಾಹಕರು ಪರ್ಫಿನ್‌ಗಳನ್ನು ಹಾಳಾದ ಸ್ಟಾಂಪ್ ಎಂದೇ ಬಿಸಾಡುತ್ತಿದ್ದರು ಎಂಬ ಸಾಲು ಮಾತ್ರ ಉಳಿಯಲಿ.

ಹೊಸದಾಗಿ ಬರೆದು ಕಳಿಸಿ, ಸಾವಿರದ ಇನ್ನೂರು ಪದದೊಳಗೆ. ಹದಿನೆಂಟು ಸ್ಟಾಂಪ್ ಬೇಡ, ‘ಎ ಎಂ’ ಬಿಡಿ ಸ್ಟಾಂಪ್ ಮತ್ತು ಲಕೋಟೆ ಎರಡೇ ಸಾಕು. ಬಿಡಿ ಸ್ಟಾಂಪಿನ ಮುಂದೆ ಹಿಂದೆ ಎರಡೂ ಬದಿ ಕಪ್ಪು ಕಾಗದದ ಮೇಲೆ, ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ. ಲಕೋಟೆಯದು ಪೂರ್ತಿ ಬೇಕು, ಹಿಂಬದಿಯೂ. ಫೋಟೋದ ಮೇಲೆ ಬಾಣ, ಬಣ್ಣದ ಗೆರೆ ಏನೂ ಹಾಕಬೇಡಿ, ಅದು ನಮ್ಮ ಪುಟ ವಿನ್ಯಾಸದವರ ಕೆಲಸ.

ವಿಶ್ವಾಸದಿಂದ,
ಸಂಪಾದಕ